ಮಗಳಿಗೆ ಯಾವ ಕರಾಟೆ ತರಗತಿ?

ಪ್ರಶ್ನೆ: ಒಂಬತ್ತು ವರ್ಷದ ಮಗಳನ್ನು ಕರಾಟೆಗೆ ಸೇರಿಸಬೇಕೆಂದಿದ್ದೇವೆ. ಬಡಾವಣೆಯಲ್ಲಿರುವ ಎರಡು ತರಗತಿಗಳಲ್ಲಿ ಒಂದರವರು ಒಂದೇ ವರ್ಷದಲ್ಲಿ ಬ್ಲ್ಯಾಕ್ ಬೆಲ್ಟ್ ಕೊಡಿಸುವುದಾಗಿ ಹೇಳುತ್ತಾರೆ. ಯಾವುದನ್ನು ಆರಿಸಲಿ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಅಂಥ ಭರವಸೆ ಕೊಡುವಲ್ಲಿಗೆ ದಯವಿಟ್ಟು ಸೇರಿಸಬೇಡಿ, ತಪ್ಪದೆ ಅಭ್ಯಾಸ ಮಾಡಿದರೂ ಬಿಳಿ ಬೆಲ್ಟಿನಿಂದ ಕಪ್ಪು ಬೆಲ್ಟಿಗೇರಲು ಸಾಮಾನ್ಯವಾಗಿ 4–5 ವರ್ಷ ಬೇಕಾಗುತ್ತದೆ. ಇನ್ನೊಂದು ತರಗತಿಗೂ ಹಣ ಕಟ್ಟುವ ಮುನ್ನ ಒಂದು ದಿನ ಪೂರ್ತಿ ಕುಳಿತು, ಮೈ ಸಡಿಲಿಸುವ ವ್ಯಾಯಾಮದ ನಂತರವೇ ಒದೆತ ಕಲಿಸುತ್ತಾರೆಯೇ, ಕುಮಿತೆಗೆ (ಇಬ್ಬರು ಎದುರುಬದುರಾಗಿ ಸೆಣಸುವ ಅಭ್ಯಾಸಕ್ಕೆ) ವಯಸ್ಸು ಮತ್ತು ತೂಕ ನೋಡಿ ಮಕ್ಕಳನ್ನು ಜೋಡಿಸಿ ಕೈಗವಸು ಹಾಕಿಸುತ್ತಾರೆಯೇ, ಒದೆಯುವಾಗ ನೆಲದ ಮೇಲಿನ ಪಾದ ತಿರುಗಿಸದ ಮಗುವನ್ನು ಶಿಕ್ಷಕರು ಹತ್ತಿರ ಬಂದು ತಿದ್ದುತ್ತಾರೆಯೇ ಅಥವಾ ದೂರದಿಂದಲೇ ಗದರುತ್ತಾರೆಯೇ ಎಂಬುದನ್ನು ಗಮನಿಸಿ. ಪೋಷಕರನ್ನು ಒಳಗೆ ಬಿಡದ ತರಗತಿ, ಗೋಡೆಯ ತುಂಬ ಪದಕಗಳಿದ್ದರೂ, ಬೇಡವೇ ಬೇಡ. ಬೆಲ್ಟ್ ಪರೀಕ್ಷೆಯ ಶುಲ್ಕ ಮಾಸಿಕ ಶುಲ್ಕದಿಂದ ಬೇರೆಯಾಗಿರುವುದುಂಟು. ಅದನ್ನು ಮೊದಲೇ ಕೇಳಿಕೊಳ್ಳಿ.