ಹೊಸೂರು–ತಳಿ ರಸ್ತೆಯ ಆ ಏರ್‌ಸ್ಟ್ರಿಪ್ ಯಾರದು? ಅಲ್ಲಿಂದ ನಮಗೆ ಫ್ಲೈಟ್ ಯಾಕಿಲ್ಲ?

ನಿಮ್ಮ ಪ್ರಶ್ನೆ ಇಷ್ಟು: ಮನೆ ಚಂದಾಪುರದಲ್ಲಿ. ಭಾನುವಾರ ಹೊಸೂರು ದಾಟಿ ತಳಿ ಕಡೆ ಸುತ್ತಾಡಲು ಹೋದಾಗ ಕಾಂಪೌಂಡ್ ಗೋಡೆಯ ಆಚೆ ದೊಡ್ಡ ವಿಮಾನದ ಬಾಲ ಕಂಡಿತು. ಅದು ಯಾರದು, ಒಳಗೆ ಏನಿದೆ, ಇಷ್ಟು ಹತ್ತಿರ ಒಂದು ರನ್‌ವೇ ಇರುವಾಗ ನಾವು ಯಾಕೆ ದೇವನಹಳ್ಳಿವರೆಗೆ ಟ್ರಾಫಿಕ್‌ನಲ್ಲಿ ಸಾಯಬೇಕು ಅಂತ.

ನಮ್ಮ ಮನೆ ದೇಂಕಣಿಕೋಟೆ ತಾಲ್ಲೂಕಿನಲ್ಲೇ. ಈ ಪ್ರಶ್ನೆಯನ್ನು ಬೆಂಗಳೂರಿನಿಂದ ಬರುವ ನೆಂಟರೆಲ್ಲ ಕೇಳುತ್ತಾರೆ. ಅದಕ್ಕೇ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ನೀವು ನೋಡಿದ್ದು ಬೆಳಗೊಂಡಪಲ್ಲಿಯ ಏರ್‌ಫೀಲ್ಡ್. ಸರ್ಕಾರದ್ದಲ್ಲ, ಖಾಸಗಿ. ತನೇಜಾ ಏರೋಸ್ಪೇಸ್ ಅಂಡ್ ಏವಿಯೇಷನ್ ಅನ್ನುವ ಕಂಪನಿಯದು, ಚಿಕ್ಕದಾಗಿ ‘ಟಾಲ್’ ಅನ್ನುತ್ತಾರೆ. ಪ್ರಯಾಣಿಕರನ್ನು ಹತ್ತಿಸುವುದಕ್ಕೆ ಅಂತ ಇದನ್ನು ಕಟ್ಟಿದ್ದೇ ಅಲ್ಲ. ವಿಮಾನ ತಯಾರಿಸಲು ಕಟ್ಟಿದ್ದು. ಇದು ಬಹಳ ಜನಕ್ಕೆ ಗೊತ್ತಿಲ್ಲ. 1990ರ ದಶಕದಲ್ಲಿ ನಮ್ಮ ದೇಶದಲ್ಲಿ ವಿಮಾನ ಮಾಡೋದು ಅಂದರೆ ಎಚ್‌ಎಎಲ್ ಒಂದೇ ಅನ್ನುವ ಕಾಲ. ಆಗ ಒಂದು ಖಾಸಗಿ ಕಂಪನಿ ಇಟಲಿಯ ಪಾರ್ಟೆನಾವಿಯಾದಿಂದ ಲೈಸೆನ್ಸ್ ತಂದು, ರಾಗಿ ಹೊಲಗಳ ನಡುವೆ ಪಿ68ಸಿ ಅನ್ನುವ ವಿಮಾನ ಜೋಡಿಸಲು ಶುರು ಮಾಡಿತು.

ಪಿ68ಸಿ ಚಂದದ ಪುಟ್ಟ ವಿಮಾನ. ಆರು ಸೀಟು, ಎರಡು ಪಿಸ್ಟನ್ ಎಂಜಿನ್. ರೆಕ್ಕೆ ಮೇಲೆ, ಬಾಡಿ ಕೆಳಗೆ. ರೆಕ್ಕೆ ಅಡ್ಡ ಬರದ ಕಾರಣ ಕಿಟಕಿಯಿಂದ ಕೆಳಗಿನ ನೆಲ ಪೂರ್ತಿ ಕಾಣುತ್ತದೆ. ಹಾಗಾಗಿ ಸರ್ವೆ, ಫೋಟೋ ತೆಗೆಯುವ ಕೆಲಸಕ್ಕೆ ಒಳ್ಳೆಯದು. ಚಕ್ರ ಒಳಗೆ ಮಡಚುವುದಿಲ್ಲ, ನೇತಾಡಿಕೊಂಡೇ ಇರುತ್ತವೆ. ವೇಗ ಕಮ್ಮಿಯಾಗುತ್ತದೆ ನಿಜ, ಆದರೆ ಕೆಡುವ ಭಾಗಗಳೂ ಕಮ್ಮಿ. ಇದರ ಜೊತೆಗೆ ಥಾರ್ಪ್ ಅನ್ನುವ ಎರಡು ಸೀಟಿನ ವಿಮಾನವೂ ಇಲ್ಲಿ ಆಯಿತು. ಮುಂದೆ ಬೆಂಗಳೂರಿನ ಸರ್ಕಾರಿ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ವಿನ್ಯಾಸ ಮಾಡಿದ ‘ಹಂಸ’ ತರಬೇತಿ ವಿಮಾನದ ಕೆಲಸ, ‘ಸರಸ್’ ವಿಮಾನದ ಬಾಡಿಯ ಭಾಗಗಳು ಎಲ್ಲ ಈ ಕಡೆ ಬಂದವು. ‘ಸರಸ್’ ಮೊದಲ ಸಲ ಹಾರಿದ್ದು 2004ರ ಮೇನಲ್ಲಿ, ಬೆಂಗಳೂರಿನಲ್ಲಿ.

ಆದರೆ ಸಣ್ಣ ವಿಮಾನ ಮಾರಿ ದುಡ್ಡು ಮಾಡುವುದು ಈ ದೇಶದಲ್ಲಿ ಸುಲಭವಲ್ಲ. ಕೊಳ್ಳುವವರೇ ಬೆರಳೆಣಿಕೆಯಷ್ಟು. ಅತ್ತ ಇಟಲಿಯ ಮೂಲ ಕಂಪನಿಯೂ ದಿವಾಳಿಯಾಗಿ, 1998ರಲ್ಲಿ ವಲ್ಕನೇರ್ ಅನ್ನುವವರ ಕೈ ಸೇರಿತು. ನನ್ನ ಪ್ರಕಾರ ಇಲ್ಲಿಯವರ ಜಾಣತನ ಇರುವುದು ಇದರ ನಂತರದ ಹೆಜ್ಜೆಯಲ್ಲಿ. ವಿಮಾನ ಮಾಡುವುದು ಹಿಂದೆ ಸರಿಯಿತು, ರನ್‌ವೇ ಮುಂದೆ ಬಂತು.

ಆ ರನ್‌ವೇ ಸುಮಾರು 7,000 ಅಡಿ. ಅಂದರೆ 2,100 ಮೀಟರ್‌ಗೂ ಸ್ವಲ್ಪ ಜಾಸ್ತಿ. ನಿಮಗೆ ಇದರ ಅಂದಾಜು ಸಿಗಬೇಕು ಅಂದರೆ, ಮೈಸೂರಿನ ಮಂಡಕಳ್ಳಿಯದು 1,740 ಮೀಟರ್. ಮಂಗಳೂರಿನ ಬಜ್ಪೆಯಲ್ಲಿ 2006ರವರೆಗೆ ಬೋಯಿಂಗ್ 737ಗಳು ಇಳಿಯುತ್ತಿದ್ದ ಹಳೆಯ ರನ್‌ವೇ 1,615 ಮೀಟರ್ ಅಷ್ಟೇ. ನಮ್ಮ ಹಳ್ಳಿಯದು ಇವೆರಡಕ್ಕಿಂತ ಉದ್ದ! ಹಾಗಂತ ಇದು ಶೋಕಿಗೆ ಮಾಡಿದ್ದಲ್ಲ. ಹೊಸೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ಗಾಳಿ ತೆಳು, ಮಧ್ಯಾಹ್ನದ ಬಿಸಿಲಿಗೆ ಇನ್ನೂ ತೆಳು. ರೆಕ್ಕೆಗೆ ಎತ್ತುವ ಬಲ ಕಮ್ಮಿ ಸಿಗುತ್ತದೆ, ಎಂಜಿನ್ ಕೂಡ ಸುಸ್ತು. ಅದೇ ವಿಮಾನ ಬಜ್ಪೆಗಿಂತ ಇಲ್ಲಿ ಜಾಸ್ತಿ ದೂರ ಓಡಿದ ಮೇಲೇ ನೆಲ ಬಿಡುತ್ತದೆ.

ಇನ್ನು ನೀವು ನೋಡಿದ ಬಾಲದ ವಿಷಯ. ಅದು ರಿಪೇರಿಗೆ ಬಂದ ವಿಮಾನ ಇರಬೇಕು. ಏರ್ ವರ್ಕ್ಸ್ ಅನ್ನುವ ಕಂಪನಿಯ ಹ್ಯಾಂಗರ್‌ಗಳು ಇಲ್ಲಿವೆ. 1951ರಲ್ಲಿ ಶುರುವಾದ ಹಳೆಯ ಕಂಪನಿ ಅದು, 2024ರ ಡಿಸೆಂಬರ್‌ನಲ್ಲಿ ಅದಾನಿಯವರು ಕೊಳ್ಳುವುದಾಗಿ ಹೇಳಿದರು. ಎಟಿಆರ್, ಏರ್‌ಬಸ್ ಎ320, ಬೋಯಿಂಗ್ 737 ಎಲ್ಲ ಇಲ್ಲಿ ದೊಡ್ಡ ಚೆಕ್‌ಗೆ ಬರುತ್ತವೆ. ನೌಕಾಪಡೆಯ ಪಿ-8ಐ ಕೂಡ ಬಂದಿದೆ. ಅದೂ ಮೂಲದಲ್ಲಿ 737ನ ತಮ್ಮನೇ, ಸಮುದ್ರದಲ್ಲಿ ಜಲಾಂತರ್ಗಾಮಿ ಹುಡುಕುವ ಕೆಲಸ ಅದರದು. ದೊಡ್ಡ ಚೆಕ್ ಅಂದರೆ ವಾರಗಟ್ಟಲೆ ಕೆಲಸ. ಸೀಟು, ನೆಲದ ಹಲಗೆ, ಒಳಗೋಡೆ ಎಲ್ಲ ಬಿಚ್ಚಿ, ತುಕ್ಕು ಹಿಡಿದಿದೆಯಾ, ಬಿರುಕು ಬಿಟ್ಟಿದೆಯಾ ಅಂತ ಇಂಚಿಂಚೂ ನೋಡುತ್ತಾರೆ. ಅಷ್ಟು ದಿನ ದೊಡ್ಡ ಏರ್‌ಪೋರ್ಟ್‌ನಲ್ಲಿ ನಿಲ್ಲಿಸಿದರೆ ಪಾರ್ಕಿಂಗ್ ಬಾಡಿಗೆಯೇ ಕುತ್ತಿಗೆಗೆ ಬರುತ್ತದೆ. ಇಲ್ಲಾದರೆ ಜಾಗ ಇದೆ, ಗಲಾಟೆ ಇಲ್ಲ. ಕೆಲಸ ಗೊತ್ತಿರುವ ಹುಡುಗರು ಹೊಸೂರು, ಬೆಂಗಳೂರು ಎರಡೂ ಕಡೆಯಿಂದ ಸಿಗುತ್ತಾರೆ.

ತಳಿ ಬಸ್ಸಿನ ಕಿಟಕಿಯಿಂದ ನಾನೇ ನೋಡಿದ್ದೇನೆ: ಒಂದು ವಿಮಾನ, ರೆಕ್ಕೆಯ ಕೆಳಗೆ ಎಂಜಿನ್ ಇರಬೇಕಾದ ಕಡೆ ಬರೀ ಕೊಕ್ಕೆ, ಕಿಟಕಿಗಳಿಗೆಲ್ಲ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದಾರೆ. ಗೋಡೆಯ ಈಚೆ ಹೆಂಗಸರು ಕೋಸು ಕೀಳುತ್ತಿದ್ದರು. ಯಾರೂ ತಲೆ ಎತ್ತಿ ನೋಡುತ್ತಿರಲಿಲ್ಲ.

ಒಳಗೆ ಏನಿಲ್ಲ ಅನ್ನುವುದನ್ನೂ ಹೇಳಿಬಿಡುತ್ತೇನೆ. ಟಿಕೆಟ್ ಕೌಂಟರ್ ಇಲ್ಲ, ಬ್ಯಾಗ್ ಬರುವ ಬೆಲ್ಟ್ ಇಲ್ಲ, ಇಡ್ಲಿಗೆ ಇನ್ನೂರು ರೂಪಾಯಿ ಕೇಳುವ ಹೋಟೆಲ್ಲೂ ಇಲ್ಲ. ಬರುವವರೆಲ್ಲ ಮೊದಲೇ ಒಪ್ಪಿಗೆ ತಗೊಂಡು ಬರಬೇಕು, ಅದು ರಿಪೇರಿ ವಿಮಾನವಾದರೂ ಸರಿ, ಕಂಪನಿ ಯಜಮಾನರ ಚಾರ್ಟರ್ ಆದರೂ ಸರಿ. ಸುಮ್ನೆ ಗೇಟಿಗೆ ಹೋಗಿ ನೋಡಿ ಬರುತ್ತೇನೆ ಅಂದರೆ ಆಗಲ್ಲ. ಕನ್ನಡದಲ್ಲಿ ಕೇಳಿ, ತಮಿಳಲ್ಲಿ ಕೇಳಿ, ತೆಲುಗಲ್ಲಿ ಕೇಳಿ. ಮೂರರಲ್ಲೂ ‘ಇಲ್ಲ’ ಅನ್ನಲು ಅವರಿಗೆ ಬರುತ್ತದೆ.

ಈಗ ನಿಮ್ಮ ಅಸಲಿ ಪ್ರಶ್ನೆ. ರನ್‌ವೇ ಇದೆ, ಜನ ಇದ್ದಾರೆ. ಟಿವಿಎಸ್, ಅಶೋಕ್ ಲೇಲ್ಯಾಂಡ್, ಟೈಟನ್ ಎಲ್ಲ ಹೊಸೂರಿನಲ್ಲೇ ಇವೆ. ಎಲೆಕ್ಟ್ರಾನಿಕ್ ಸಿಟಿ ಪಕ್ಕದಲ್ಲೇ. ಫ್ಲೈಟ್ ಯಾಕಿಲ್ಲ?

ಅಡ್ಡ ಇರುವುದು ಒಂದು ಕಾಗದ. ದೇವನಹಳ್ಳಿಯ ಏರ್‌ಪೋರ್ಟ್ ಕಟ್ಟುವ ಮುಂಚೆ, 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಅದರ ಕಂಪನಿಯ ಜೊತೆ ಒಪ್ಪಂದಕ್ಕೆ ಸಹಿ ಹಾಕಿತು. ಏರ್‌ಪೋರ್ಟ್ ತೆರೆದ ದಿನದಿಂದ 25 ವರ್ಷ, ಆಕಾಶದ ನೇರ ಅಳತೆಯಲ್ಲಿ 150 ಕಿಲೋಮೀಟರ್ ಒಳಗೆ ಇನ್ನೊಂದು ಅಂತರರಾಷ್ಟ್ರೀಯ ವಿಮಾನ ನಿಲ್ದಾಣಕ್ಕೆ ಬಿಡುವಂತಿಲ್ಲ ಅಂತ ಅದರಲ್ಲಿದೆ. ಹೊಸದು ಕಟ್ಟುವಂತಿಲ್ಲ, ಇರುವುದನ್ನು ದೊಡ್ಡದು ಮಾಡುವಂತೆಯೂ ಇಲ್ಲ. ಮೈಸೂರು ಮತ್ತು ಹಾಸನಕ್ಕೆ ಮಾತ್ರ ವಿನಾಯಿತಿ. ದೇವನಹಳ್ಳಿ ತೆರೆದದ್ದು 2008ರ ಮೇ 24ಕ್ಕೆ. ಲೆಕ್ಕ ಹಾಕಿದರೆ 2033ರ ಮೇವರೆಗೆ ಈ ಬೇಲಿ ಇರುತ್ತದೆ. ದುಡ್ಡು ಹಾಕುವವರಿಗೆ ಧೈರ್ಯ ಕೊಡಲು ಆಗ ಇಂಥ ಷರತ್ತು ಬೇಕಿತ್ತು ಅಂತಲೇ ಇಟ್ಟುಕೊಳ್ಳೋಣ. ಆದರೆ ಬೆಂಗಳೂರು ದಕ್ಷಿಣಕ್ಕೆ ಹೀಗೆ ಬೆಳೆಯುತ್ತದೆ ಅಂತ ಆಗಲೇ ಕಾಣುತ್ತಿತ್ತು, ಅಲ್ವಾ? ಮೈಸೂರು, ಹಾಸನ ನೆನಪಾದವರಿಗೆ ಗಡಿ ಆಚೆಯ ಹೊಸೂರು ನೆನಪಾಗಲಿಲ್ಲ.

ಸಣ್ಣ ಊರುಗಳಿಗೆ ಕಡಿಮೆ ದರದಲ್ಲಿ ವಿಮಾನ ಬಿಡುವ ಉಡಾನ್ ಯೋಜನೆಯಲ್ಲಿ ಹೊಸೂರಿನ ಹೆಸರೂ ಬಂದಿತ್ತು. ಆಗಲೂ ಅಡ್ಡ ಬಂದದ್ದು ಇದೇ ಒಪ್ಪಂದ. ಅತ್ತ ಸೇಲಂ ನೋಡಿ. ದೇವನಹಳ್ಳಿಯಿಂದ ಅಳೆದರೆ ಆ 150ರ ಗೆರೆಯಿಂದ ಸ್ವಲ್ಪದರಲ್ಲೇ ಹೊರಗೆ ಬೀಳುತ್ತದೆ. 2018ರ ಮಾರ್ಚ್‌ನಲ್ಲಿ ಅಲ್ಲಿಂದ ಚೆನ್ನೈಗೆ ಉಡಾನ್ ವಿಮಾನ ಹಾರಿಯೇ ಬಿಟ್ಟಿತು. ರನ್‌ವೇ ಇರುವ ಹೊಸೂರಿನವರು ಬಸ್ಸು ಹತ್ತಿ ದೇವನಹಳ್ಳಿಗೆ ಹೋಗುತ್ತಿದ್ದೇವೆ.

ಎರಡನೆಯ ಅಡ್ಡಿ ಮೇಲಿನದು. ನೆಲದ ಮೇಲೆ ಜಾಗ ಇದ್ದರೆ ಸಾಲದು, ಆಕಾಶದಲ್ಲೂ ಬೇಕು. ಬೆಂಗಳೂರಿನ ಹಳೆಯ ಎಚ್‌ಎಎಲ್ ಏರ್‌ಪೋರ್ಟ್‌ನಿಂದ ಹೊಸ ಯುದ್ಧವಿಮಾನ, ಹೆಲಿಕಾಪ್ಟರ್‌ಗಳ ಪರೀಕ್ಷಾ ಹಾರಾಟ ಈಗಲೂ ನಡೆಯುತ್ತದೆ. ಒಂದೆರಡು ರಿಪೇರಿ ವಿಮಾನ ಆ ಹೊತ್ತು ಈ ಹೊತ್ತು ನೋಡಿಕೊಂಡು ಇಳಿಯುವುದು ಬೇರೆ, ದಿನಕ್ಕೆ ನೂರು ವಿಮಾನ ವೇಳಾಪಟ್ಟಿ ಹಿಡಿದು ಬರುವುದು ಬೇರೆ. ಅದಕ್ಕೆ ರಕ್ಷಣಾ ಇಲಾಖೆ ಒಪ್ಪಬೇಕು. ನನಗೆ ಕೇಳಿದರೆ 150 ಕಿಲೋಮೀಟರ್‌ಗಿಂತ ಇದೇ ದೊಡ್ಡ ಗಂಟು. ಒಪ್ಪಂದಕ್ಕಾದರೆ ಮುಗಿಯುವ ತಾರೀಖಿದೆ.

2024ರ ಜೂನ್ 27ರಂದು ತಮಿಳುನಾಡು ವಿಧಾನಸಭೆಯಲ್ಲಿ ಮುಖ್ಯಮಂತ್ರಿ ಸ್ಟಾಲಿನ್ ಅವರು ಹೊಸೂರಿನಲ್ಲಿ 2,000 ಎಕರೆಯಲ್ಲಿ, ವರ್ಷಕ್ಕೆ 3 ಕೋಟಿ ಪ್ರಯಾಣಿಕರ ವಿಮಾನ ನಿಲ್ದಾಣ ಮಾಡುತ್ತೇವೆ ಅಂದರು. ಆಮೇಲೆ ಜಾಗ ಹುಡುಕಾಟ ನಡೆದು ಬಾಗಲೂರು–ಬೇರಿಗೈ ಕಡೆಯ ಹೆಸರು ಮುಂದೆ ಬಂತು. ಇತ್ತ ಕರ್ನಾಟಕವೂ ಬೆಂಗಳೂರಿನ ಎರಡನೆಯ ಏರ್‌ಪೋರ್ಟ್‌ಗೆ ಅಂತ ಕನಕಪುರ ರಸ್ತೆಯಲ್ಲಿ ಎರಡು, ನೆಲಮಂಗಲ–ಕುಣಿಗಲ್ ಕಡೆ ಒಂದು ಜಾಗ ತೋರಿಸಿದೆ. 2025ರ ಏಪ್ರಿಲ್‌ನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಂಡ ಬಂದು ನೋಡಿಕೊಂಡು ಹೋಯಿತು. ನಮ್ಮ ಕಡೆ ಟೀ ಅಂಗಡಿಗಳಲ್ಲಿ ಈಗ ವಿಮಾನದ ಮಾತಿಗಿಂತ ಎಕರೆ ರೇಟಿನ ಮಾತೇ ಜಾಸ್ತಿ. ಹೊಲ ಹೋಗುವವರ ಮುಖದಲ್ಲಿ ಮಾತ್ರ ಅಷ್ಟು ಖುಷಿ ಕಾಣುವುದಿಲ್ಲ. ಗುಲಾಬಿ ಶೆಡ್ ಹಾಕಲು ಸಾಲ ಮಾಡಿದವರು, ಬೋರ್ ಕೊರೆಸಿದವರು ಅವರಲ್ಲಿ ಎಷ್ಟೋ ಜನ.

ಅದೇನೇ ಆದರೂ ಬೆಳಗೊಂಡಪಲ್ಲಿಯಿಂದ ನೀವು ಸದ್ಯಕ್ಕೆ ಟಿಕೆಟ್ ತಗೊಂಡು ಹಾರುವಂತಿಲ್ಲ. ಮಗನಿಗೆ ಸಣ್ಣ ವಿಮಾನ ಹತ್ತಿರದಿಂದ ತೋರಿಸಬೇಕು, ಪೈಲಟ್ ಆಗೋದು ಹೇಗೆ ಅಂತ ವಿಚಾರಿಸಬೇಕು ಅಂದರೆ ಜಕ್ಕೂರಿಗೆ ಹೋಗಿ, ಸರ್ಕಾರದ ಹಾರಾಟ ತರಬೇತಿ ಶಾಲೆ ಅಲ್ಲಿದೆ. ಈ ಕಡೆ ಬಂದರೆ ರಸ್ತೆಬದಿ ನಿಂತು ನೋಡಿ, ಯಾರೂ ಏನೂ ಅನ್ನಲ್ಲ. ಡ್ರೋನ್ ಮಾತ್ರ ಹಾರಿಸಬೇಡಿ. ಟರ್ಮಿನಲ್ ಇಲ್ಲದಿದ್ದರೂ ಇದು ನಡೆಯುತ್ತಿರುವ ಏರ್‌ಫೀಲ್ಡ್. ಎಲ್ಲಿ ಡ್ರೋನ್ ಹಾರಿಸಬಹುದು ಅಂತ ಬಣ್ಣದಲ್ಲಿ ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗದ ಬಣ್ಣ ನೋಡದೆ ಡ್ರೋನ್ ಮೇಲೆ ಬಿಟ್ಟರೆ ಕೇಸು ಆಗುತ್ತದೆ, ಅದೂ ಪಕ್ಕದ ರಾಜ್ಯದ ಸ್ಟೇಷನ್ನಿನಲ್ಲಿ.