ಇಲಿಗೊಂದು ಸಮಿತಿ, ಕೋಳಿಗೆ ಯಾರು?

ಪ್ರಶ್ನೆ: ನನ್ನ ಮಗಳು ಬೆಂಗಳೂರಿನ ಔಷಧ ಸಂಶೋಧನಾ ಕೇಂದ್ರವೊಂದರಲ್ಲಿ ಕೆಲಸಕ್ಕೆ ಸೇರಿದ್ದಾಳೆ. ಅಲ್ಲಿ ಇಲಿಗಳ ಮೇಲೆ ಪ್ರಯೋಗ ನಡೆಯುತ್ತದೆಂದು ತಿಳಿದ ಮೇಲೆ ನಮ್ಮ ಅತ್ತೆಯವರು ಅದು ಪಾಪದ ಸಂಬಳವೆನ್ನುತ್ತಿದ್ದಾರೆ. ಮನೆಯಲ್ಲಿ ಹಾಲು, ಮೊಟ್ಟೆ ಎರಡೂ ಬಳಕೆಯಲ್ಲಿವೆ. ಅತ್ತೆಯವರು ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ತಾವು ಏನೆನ್ನುವಿರಿ?
– ಓದುಗರೊಬ್ಬರು, ರಾಜಾಜಿನಗರ

ಉತ್ತರ: ಅತ್ತೆಯವರ ಸಂಕಟವನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕಬೇಡಿ, ಅಲ್ಲಿ ನೋವು ಅನುಭವಿಸುವುದು ಇಲಿಯೇ, ಫಲ ಮಾತ್ರ ನಮ್ಮದು. ಆದರೆ ಅವರು ತೆಗೆದುಕೊಳ್ಳುವ ಇನ್ಸುಲಿನ್ 1921ರಲ್ಲಿ ಟೊರಾಂಟೊದಲ್ಲಿ ನಾಯಿಗಳ ಮೇಲೆ ನಡೆದ ಪ್ರಯೋಗಗಳಿಂದ ದೊರೆತದ್ದು, ಮತ್ತು ಅನಂತರ ದಶಕಗಳ ಕಾಲ ಹಂದಿ, ದನಗಳ ಮೇದೋಜೀರಕ ಗ್ರಂಥಿಯಿಂದಲೇ ಅದನ್ನು ತೆಗೆಯಲಾಗುತ್ತಿತ್ತು. ಇಂದು ಸೂಕ್ಷ್ಮಜೀವಿಗಳಿಂದ ಅದನ್ನು ತಯಾರಿಸುತ್ತಾರೆ. ಪ್ರಾಣಿಯನ್ನು ಬಿಟ್ಟು ಮುಂದೆ ಹೋಗುವ ದಾರಿಯನ್ನು ಹುಡುಕಿದ್ದೂ ಸಂಶೋಧನೆಯೇ.

ಪ್ರಯೋಗಾಲಯದಲ್ಲಿ ಕನಿಷ್ಠಪಕ್ಷ ಪ್ರಶ್ನೆ ಕೇಳುವವರಾದರೂ ಇದ್ದಾರೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯು ಪ್ರಯೋಗಗಳನ್ನು ನಿಷೇಧಿಸುವುದಿಲ್ಲವಾದರೂ, ಸಾಧ್ಯವಾದಷ್ಟೂ ಅರಿವಳಿಕೆ ಕೊಟ್ಟೇ ನಡೆಸಬೇಕೆಂದೂ, ಕೇವಲ ಕೈಚಳಕ ಕಲಿಯಲೆಂದು ಪ್ರಾಣಿಯನ್ನು ಬಳಸುವುದನ್ನು ಆದಷ್ಟು ತಪ್ಪಿಸಬೇಕೆಂದೂ ಹೇಳುತ್ತದೆ. ಪ್ರಯೋಗದ ಅರ್ಜಿಗಳನ್ನು ಪರಿಶೀಲಿಸುವ, ಸಂಸ್ಥೆಯೊಳಗಿನ ನೈತಿಕ ಸಮಿತಿಯಲ್ಲಿ ಹೊರಗಿನ ವಿಜ್ಞಾನಿಯೊಬ್ಬರೂ ವಿಜ್ಞಾನಿಯಲ್ಲದ ಸದಸ್ಯರೊಬ್ಬರೂ ಇರಬೇಕು. ಪ್ರಸಾಧನ ಸಾಮಗ್ರಿಗಳನ್ನು ಪ್ರಾಣಿಗಳ ಮೇಲೆ ಪರೀಕ್ಷಿಸುವುದನ್ನು 2014ರಲ್ಲೇ ನಮ್ಮ ದೇಶ ನಿಷೇಧಿಸಿತು. ತುಟಿಗೆ ಬಣ್ಣ ಹಚ್ಚಲು ಮೊಲದ ಕಣ್ಣು ಉರಿಯಬೇಕಿಲ್ಲ ಎಂಬುದನ್ನು ಒಪ್ಪಲು ಇಷ್ಟು ವರ್ಷ ಹಿಡಿದದ್ದೇ ಆಶ್ಚರ್ಯ.

ಇನ್ನು ನಿಮ್ಮ ಅಡುಗೆಮನೆಗೆ ಬರುವ ಮೊಟ್ಟೆ. ಪಂಜರದಲ್ಲಿಟ್ಟು ಸಾಕುವ ಕೋಳಿಗೆ ತಲಾ 550 ಚದರ ಸೆಂಟಿಮೀಟರ್ ಜಾಗವಾದರೂ ಇರಬೇಕೆಂದು 2023ರ ನಿಯಮ ಹೇಳುತ್ತದೆ. ಎ4 ಹಾಳೆಯೊಂದರ ವಿಸ್ತೀರ್ಣವೇ ಸುಮಾರು 624. ರೆಕ್ಕೆ ಬಿಚ್ಚಲಾಗದ ಆ ಜಾಗ ಸುಧಾರಣೆಯ ಅಳತೆ ಎಂಬುದನ್ನು ಗಮನಿಸಿ. ಮೊಟ್ಟೆಯ ತಳಿಯ ಗಂಡುಮರಿಗಳನ್ನು ಸಾಕಿದರೆ ಲಾಭವಿಲ್ಲವೆಂದು ಮರಿ ಮಾಡಿಸುವ ಕೇಂದ್ರಗಳಲ್ಲಿ ಹುಟ್ಟಿದ ದಿನವೇ ಕೊಲ್ಲುವ ರೂಢಿಯಿದೆ. ಹಾಲು ಕೊಡದ ಹೋರಿಗರುವಿನ ಪಾಡೂ ಹೆಚ್ಚು ಭಿನ್ನವಲ್ಲ. ಇದಕ್ಕೆ ಬೇರೆ ದಾರಿಯಿಲ್ಲವೇ ಎಂದು ಯಾವ ಸಮಿತಿಯೂ ಯಾರನ್ನೂ ಕೇಳುವುದಿಲ್ಲ. ನನ್ನ ಮಟ್ಟಿಗೆ, ಪಾಪದ ಲೆಕ್ಕ ಹಾಕುವುದಾದರೆ ಮೊದಲು ಹಾಕಬೇಕಾದ್ದು ಇಲ್ಲಿ.

ಮಗಳು ಕೆಲಸ ಬಿಡಬೇಕಿಲ್ಲ. ಪ್ರಾಣಿಯನ್ನೇ ಏಕೆ ಬಳಸಬೇಕು ಎಂದು ಸಮಿತಿಯ ಅರ್ಜಿಯಲ್ಲಿ ಕೇಳುವ ಪ್ರಶ್ನೆಗೆ, ಹಳೆಯ ಅರ್ಜಿಯ ಉತ್ತರವನ್ನೇ ನಕಲು ಮಾಡದೆ, ಪ್ರತಿ ಸಲವೂ ಹೊಸದಾಗಿ ಹುಡುಕಿ ಬರೆಯುವಂತೆ ಅವಳಿಗೆ ಹೇಳಿ.