ಹಿಂದುಳಿದ ಸರ್ಕಾರಿ ಶಾಲೆಯನ್ನು ಗುರುತಿಸುವುದು ಹೇಗೆ, ಸಿಗುವ ನೆರವೇನು?

ಬೆಂಗಳೂರಿನ ತಮ್ಮ ಬಡಾವಣೆಯ ಸರ್ಕಾರಿ ಪ್ರೌಢಶಾಲೆಯ ಫಲಿತಾಂಶ ಕುಸಿದರೆ ಶಿಕ್ಷಣ ಇಲಾಖೆ ಏನು ಮಾಡುತ್ತದೆ ಎಂದು ಕೇಳಿದ್ದೀರಿ.

ಕರ್ನಾಟಕದಲ್ಲಿ ಎಲ್ಲರ ಕಣ್ಣು ಮೊದಲು ಬೀಳುವುದು ಎಸ್‌ಎಸ್‌ಎಲ್‌ಸಿ ಫಲಿತಾಂಶದ ಮೇಲೆ. ಆದರೆ ಅದೊಂದನ್ನೇ ಅಳತೆಗೋಲಾಗಿಸಿಕೊಳ್ಳುವುದು ಸರಿಯಲ್ಲ. 2023ರಲ್ಲಿ ಶೇ 83.89ರಷ್ಟಿದ್ದ ರಾಜ್ಯದ ಫಲಿತಾಂಶ, ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ಮೂಲಕ ನೇರ ನಿಗಾ) ಬಂದ 2024ರಲ್ಲಿ, ಹೆಚ್ಚುವರಿ ಕೃಪಾಂಕ ನೀಡಿದ ಮೇಲೂ ಶೇ 73.40ಕ್ಕೆ ಇಳಿಯಿತು. ಒಂದೇ ವರ್ಷದಲ್ಲಿ ಮಕ್ಕಳ ಕಲಿಕೆ ಅಷ್ಟು ಕುಸಿದಿರಲಾರದು. ಮುಖ್ಯವಾಗಿ ಬದಲಾದದ್ದು ಪರೀಕ್ಷೆ ನಡೆದ ರೀತಿ. ಮಕ್ಕಳ ಕಲಿಕೆಯನ್ನು ಅಳೆಯುವ ರಾಷ್ಟ್ರೀಯ ಸಾಧನಾ ಸಮೀಕ್ಷೆಯಾದರೂ (2024ರಿಂದ ಪರಖ್ ರಾಷ್ಟ್ರೀಯ ಸರ್ವೇಕ್ಷಣ) ಆಯ್ದ ಕೆಲವು ಶಾಲೆಗಳಲ್ಲಷ್ಟೇ ನಡೆಯುವುದರಿಂದ ಜಿಲ್ಲೆಯ ಸ್ಥಿತಿಯನ್ನು ಹೇಳುತ್ತದೆಯೇ ಹೊರತು ಒಂದು ಶಾಲೆಯದ್ದನ್ನಲ್ಲ. ದಾಖಲಾತಿ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯಗಳ ವಿವರ ಶಾಲೆಗಳ ರಾಷ್ಟ್ರೀಯ ದತ್ತಾಂಶ ವ್ಯವಸ್ಥೆಯಾದ ಯು-ಡೈಸ್‌ನಲ್ಲಿ ಶಾಲಾವಾರು ಸಿಗುತ್ತದೆ.

ನನ್ನ ದೃಷ್ಟಿಯಲ್ಲಿ ಇವೆಲ್ಲಕ್ಕಿಂತ ಹೆಚ್ಚು ತಿಳಿಸುವುದು ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಅಕ್ಕಪಕ್ಕದ ಶಾಲೆಗಳ ಗುಂಪಿಗೆ ಬೋಧನೆಯಲ್ಲಿ ನೆರವಾಗುವ ಇಲಾಖೆಯ ಸಿಬ್ಬಂದಿ) ತರಗತಿಯಲ್ಲೇ ಕುಳಿತು, ಹಿಂದಿನ ಬೆಂಚಿನ ಮಗುವಿನಿಂದ ಒಂದು ಪುಟ ಓದಿಸಿ, ದಶಕ ತೆಗೆದು ಕಳೆಯುವ ಒಂದು ಲೆಕ್ಕ ಮಾಡಿಸಿ ನೋಡುವ ಭೇಟಿ.

ನೆರವು ಎಂದರೆ ಸಾಮಾನ್ಯವಾಗಿ ಕಲಿಕೆಯಲ್ಲಿ ಹಿಂದುಳಿದ ಮಕ್ಕಳಿಗೆ ಪರಿಹಾರ ಬೋಧನೆ, ಶಿಕ್ಷಕರ ತರಬೇತಿ ಮತ್ತು ಖಾಲಿ ಹುದ್ದೆಗಳಿಗೆ ಅತಿಥಿ ಶಿಕ್ಷಕರ ನೇಮಕ. ಕೋವಿಡ್ ನಂತರ 2022-23ರಲ್ಲಿ, ತಪ್ಪಿಹೋದ ಕಲಿಕೆಯನ್ನು ತುಂಬಿಕೊಡಲು, ಕಲಿಕಾ ಚೇತರಿಕೆ ಕಾರ್ಯಕ್ರಮವೂ ನಡೆಯಿತು. ಗಣಿತಕ್ಕೆ ಶಿಕ್ಷಕರೇ ಇಲ್ಲದ ಶಾಲೆಗೆ ಫಲಿತಾಂಶ ಕಡಿಮೆಯಾಯಿತೆಂದು ನೋಟಿಸ್ ಕೊಡುವುದು ಅನ್ಯಾಯ. ಆದ್ದರಿಂದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಪೋಷಕರು ಯಾವ ವಿಷಯದ ಹುದ್ದೆ ಎಂದಿನಿಂದ ಖಾಲಿಯಿದೆ ಎಂಬುದನ್ನು ಮೊದಲು ಕೇಳಿ, ಅದನ್ನು ನಡಾವಳಿಯಲ್ಲಿ ದಾಖಲಿಸಿ, ಕ್ಷೇತ್ರ ಶಿಕ್ಷಣಾಧಿಕಾರಿಗೆ ಲಿಖಿತವಾಗಿ ಸಲ್ಲಿಸಬೇಕು.